ಗೇರ್ ಲಿವರಿಗೆ ಯಾವ ಗ್ರೀಸು: ಡಬ್ಬಿ ಆರಿಸುವ ಮೊದಲು ಬುಶ್ ನೋಡಿ

ಕಾರಿನ ಗೇರು ಬಿಗಿಯಾಗಿದೆ ಎಂದು ಗ್ಯಾರೇಜಿನಲ್ಲಿ ಹೇಳಿದರೆ ಮೊದಲು ಹೊರಬರುವುದು ಗ್ರೀಸಿನ ಡಬ್ಬಿ. ಅದು ಯಾವ ಗ್ರೀಸು ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ. ಚಕ್ರದ ಬೇರಿಂಗಿಗೆ ತುಂಬಿ ಮಿಕ್ಕದ್ದೇ ಬಾಗಿಲಿನ ಕೀಲಿಗೂ, ಸೀಟು ಜಾರುವ ಹಳಿಗೂ, ಗೇರ್ ಲಿವರಿಗೂ ಸಲ್ಲುತ್ತದೆ. ನಾನು ಕೊಂಡ ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್ ಕಾರಿನಲ್ಲಿಯೂ ಇದೇ ನಡೆದಿತ್ತು. ಲಿವರಿನ ಬುಡದ ರೆಕ್ಸಿನ್ ಹೊದಿಕೆಯನ್ನು ಎತ್ತಿ ನೋಡಿದಾಗ, ಯಾವ ಕಾಲದಲ್ಲೋ ಮೆತ್ತಿದ್ದ ಹಳದಿ ಗ್ರೀಸು ಧೂಳನ್ನೂ ಮರಳನ್ನೂ ಕಡಲೆಕಾಯಿಯ ಸಿಪ್ಪೆಯನ್ನೂ ಸೇರಿಸಿಕೊಂಡು ಕರಿಯ ಅಂಟಾಗಿತ್ತು. ಬಾನೆಟ್ಟಿನ ಕೆಳಗೆ, ಲಿವರನ್ನು ಗೇರ್‌ಬಾಕ್ಸಿಗೆ ಜೋಡಿಸುವ ಕೇಬಲ್ಲಿನ ತುದಿಯಲ್ಲಿದ್ದ ರಬ್ಬರಿನ ಬುಶ್ಶು, ಅಂದರೆ ಕೀಲಿನೊಳಗೆ ಕೂರುವ ಬಳೆಯಂಥ ಭಾಗ, ರಾತ್ರಿಯೆಲ್ಲ ನೆನೆಸಿದ ಕಡಲೆಯ ಹಾಗೆ ಊದಿಕೊಂಡು, ಉಗುರು ಊರಿದರೆ ಕುರುಹು ಉಳಿಯುವಷ್ಟು ಮೆತ್ತಗಾಗಿತ್ತು. ಗ್ರೀಸು ಕಳಪೆಯದ್ದೆಂದು ನನಗನ್ನಿಸುವುದಿಲ್ಲ. ಬೇರಿಂಗಿನಲ್ಲಿ ಅದು ವರ್ಷಗಟ್ಟಲೆ ಚೆನ್ನಾಗಿಯೇ ಬಾಳುತ್ತಿತ್ತು. ಇಲ್ಲಿ ಅದಕ್ಕೆ ಕೆಲಸವಿರಲಿಲ್ಲ.

ಆದ್ದರಿಂದ ಈ ಹೋಲಿಕೆಯಲ್ಲಿ ನಾನು ಹಿಡಿದಿರುವ ಅಳತೆಗೋಲು ಬ್ರ್ಯಾಂಡಲ್ಲ, ಬೆಲೆಯಲ್ಲ, ಎಷ್ಟು ಡಿಗ್ರಿ ತಾಳುತ್ತದೆ ಎಂಬುದೂ ಅಲ್ಲ. ಒಂದರ ಮೇಲೊಂದು ಉಜ್ಜುತ್ತಿರುವ ಎರಡು ಮೈಗಳು ಯಾವುವು, ಅವುಗಳಲ್ಲಿ ಪ್ಲಾಸ್ಟಿಕ್ ಅಥವಾ ರಬ್ಬರು ಇದೆಯೇ ಎಂಬುದೇ ಮುಖ್ಯ ಪ್ರಶ್ನೆ.

ಅದು ಗ್ರೀಸಿನ ಕೆಲಸವೇ ಹೌದೇ?

ಗೇರು ಬಿಗಿಯಾಗುವುದಕ್ಕೆ ನಾಲ್ಕಾರು ಕಾರಣಗಳಿರುತ್ತವೆ, ಅವುಗಳಲ್ಲಿ ಒಣಗಿದ ಲಿವರು ಒಂದು ಮಾತ್ರ. ಸಮತಟ್ಟಾದ ಜಾಗದಲ್ಲಿ ಎಂಜಿನ್ ಆರಿಸಿ, ಎಲ್ಲ ಗೇರುಗಳನ್ನೂ ಒಮ್ಮೆ ಹಾಕಿ ತೆಗೆದು ನೋಡಬೇಕು. ಒಂದೆರಡು ಗೇರುಗಳು ಹಲ್ಲಿಗೆ ಹಲ್ಲು ತಾಗಿ ಬೀಳದಿರಬಹುದು, ಕಾರನ್ನು ಗೇಣುದ್ದ ಮುಂದೆ ತಳ್ಳಿದರೆ ಬೀಳುತ್ತವೆ. ಎಂಜಿನ್ ನಿಂತಿರುವಾಗ ಸಲೀಸಾಗಿ ಬೀಳುವ ಗೇರು ಎಂಜಿನ್ ಚಾಲೂ ಆದ ಮೇಲೆ ಮಾತ್ರ ಮೊಂಡುತನ ಮಾಡಿದರೆ, ರಿವರ್ಸ್ ಹಾಕುವಾಗ ಕರಕರ ಎಂದರೆ, ಕ್ಲಚ್ಚು ಪೂರ್ತಿಯಾಗಿ ಬಿಡುತ್ತಿಲ್ಲ ಎಂದು ಶಂಕಿಸಬೇಕು. ಬೆಳಗ್ಗೆ ಮಾತ್ರ ಬಿಗಿಯಾಗಿದ್ದು ನಾಲ್ಕೈದು ಕಿಲೋಮೀಟರ್ ಓಡಿದ ಮೇಲೆ ಸಡಿಲವಾಗುವುದಾದರೆ ಗೇರ್‌ಬಾಕ್ಸಿನ ಆಯಿಲ್ಲನ್ನು ನೋಡಬೇಕು. ಅಲ್ಲಿ ಬೇಕಾದದ್ದು ಕಾರಿನ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲ್, ಬಹಳಷ್ಟು ಕಾರುಗಳಲ್ಲಿ ಮಂದತೆ 75ಡಬ್ಲ್ಯು-80 ಅಥವಾ 75ಡಬ್ಲ್ಯು-90, ಒತ್ತಡ ತಾಳುವ ದರ್ಜೆ ಜಿಎಲ್-4. ಹೆಚ್ಚಿನ ಸಂಖ್ಯೆಯದ್ದು ಹೆಚ್ಚು ಒಳ್ಳೆಯದೆಂದು ಜಿಎಲ್-5 ಸುರಿದರೆ ಅದರಲ್ಲಿ ಹೆಚ್ಚಾಗಿರುವ ಗಂಧಕ-ರಂಜಕದ ಮಿಶ್ರಣದಿಂದ ಗೇರುಗಳ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೋ ಉಂಗುರಗಳಿಗೆ ತೊಂದರೆಯಾಗಬಹುದು.

ಎಂಜಿನ್ ಆರಿಸಿದಾಗಲೂ ಬಿಗಿಯಾಗಿದ್ದರೆ ಗೇರ್‌ಬಾಕ್ಸಿನ ಕಡೆ ಕೇಬಲ್ಲುಗಳ ತುದಿಯನ್ನು ಕಳಚಿ ಲಿವರನ್ನು ಆಡಿಸಬೇಕು. ಬಿಗಿ ಹಾಗೆಯೇ ಉಳಿದರೆ ದೋಷ ಲಿವರಿನಲ್ಲಿದೆ ಅಥವಾ ಕೇಬಲ್ಲಿನಲ್ಲಿದೆ. ಲಿವರು ಹಗುರಾಗಿ, ಗೇರ್‌ಬಾಕ್ಸಿನ ಮೇಲಿನ ತೋಳನ್ನು ಕೈಯಿಂದ ಒತ್ತಿದಾಗ ಅದು ಬಿಗಿಯಾಗಿದ್ದರೆ ದೋಷ ಅಲ್ಲಿಯೇ ಇದೆ. ಇನ್ನು ಲಿವರು ಬಿಗಿಯಾಗಿರದೆ, ನ್ಯೂಟ್ರಲ್ಲಿನಲ್ಲಿ ಗಡಗಡ ಅಲುಗಾಡುತ್ತಿದ್ದರೆ, ಮೂರನೆಯದು ಹಾಕಹೋದರೆ ಐದನೆಯದು ಬೀಳುತ್ತಿದ್ದರೆ ಬುಶ್ಶು ಸವೆದಿದೆ. ಸವೆದು ಹೋದ ಪ್ಲಾಸ್ಟಿಕ್ಕಿನ ಜಾಗವನ್ನು ಯಾವ ಗ್ರೀಸೂ ತುಂಬಿಕೊಡಲಾರದು.

ಎಲ್ಲೆಲ್ಲಿ ಏನು ಉಜ್ಜುತ್ತದೆ

ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಗೇರು ಸ್ಟೀರಿಂಗಿನ ಪಕ್ಕದಲ್ಲಿತ್ತು. ಅದರಿಂದ ಗೇರ್‌ಬಾಕ್ಸಿನವರೆಗೆ ಉಕ್ಕಿನ ಸರಳುಗಳು, ಉಕ್ಕಿನ ಕೀಲುಗಳು. ಉಕ್ಕಿನ ಮೇಲೆ ಉಕ್ಕು ಉಜ್ಜುವ ಕಡೆ ದಪ್ಪ ಗ್ರೀಸು ಮೆತ್ತಿದಷ್ಟೂ ಒಳ್ಳೆಯದಾಗಿತ್ತು. ಗ್ರೀಸೆಂದರೆ ಗ್ರೀಸು, ಅದರಲ್ಲೇನು ಜಾತಿ ಎಂದು ಹಿಂದಿನ ಮೇಸ್ತ್ರಿಗಳು ಅಂದುಕೊಂಡಿದ್ದರೆ ಅವರ ಕಾಲಕ್ಕೆ ಅದು ತಪ್ಪಾಗಿರಲಿಲ್ಲ. ಮಾರುತಿ 800ರಲ್ಲಿ ಗೇರು ನೆಲದ ಮೇಲೆ ಬಂದರೂ ಕಾರಿನ ಅಡಿಯಲ್ಲಿ ಸರಳು ಉಳಿದಿತ್ತು, ಅದರ ತುದಿಗಳಲ್ಲಿ ಬುಶ್ಶುಗಳು ಸೇರಿಕೊಂಡವು.

ಇಂದಿನ, ಮುಂದಿನ ಚಕ್ರಗಳಿಗೆ ಬಲ ಕೊಡುವ ಹೆಚ್ಚಿನ ಕಾರುಗಳಲ್ಲಿ ಎರಡು ಕೇಬಲ್ಲುಗಳಿವೆ. ಲಿವರನ್ನು ಎಡಕ್ಕೆ ಬಲಕ್ಕೆ ಸರಿಸಿ ಸಾಲು ಆರಿಸುವುದು ಒಂದರ ಕೆಲಸ, ಹಿಂದೆ ಮುಂದೆ ನೂಕಿ ಗೇರು ಹಾಕುವುದು ಇನ್ನೊಂದರ ಕೆಲಸ. ಲಿವರಿನ ಬುಡದಲ್ಲಿ ಒಂದು ಗುಂಡು ಇರುತ್ತದೆ, ಅದು ನೈಲಾನ್ ಅಥವಾ ಅಸಿಟಾಲ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬಟ್ಟಲಿನಲ್ಲಿ ಕುಳಿತು ಹೊರಳುತ್ತದೆ. ಇದು ಮೊದಲನೆಯ ಜಾಗ. ಕೇಬಲ್ಲುಗಳ ತುದಿಯ ಕಣ್ಣುಗಳು ಲಿವರಿನ ಕಡೆಯೂ ಗೇರ್‌ಬಾಕ್ಸಿನ ಕಡೆಯೂ ಉಕ್ಕಿನ ಗೂಟಗಳಿಗೆ ಸಿಕ್ಕಿಕೊಂಡಿರುತ್ತವೆ. ಆ ಕಣ್ಣುಗಳ ಒಳಗೆ ಪ್ಲಾಸ್ಟಿಕ್ಕಿನ ಬುಶ್ಶು, ಅದರ ಸುತ್ತ ನಡುಕ ತಡೆಯಲು ಅನೇಕ ಕಾರುಗಳಲ್ಲಿ ರಬ್ಬರಿನ ಪದರ ಇರುತ್ತದೆ. ಇದು ಎರಡನೆಯದು. ಗೇರ್‌ಬಾಕ್ಸಿನ ತಲೆಯ ಮೇಲೆ ಹೊರಗಿನ ತೋಳು, ಅದರ ಕೀಲು, ಲೋಹಕ್ಕೆ ಲೋಹ ತಾಗುವ ಜಾಗ. ಇದು ಮೂರನೆಯದು, ಮಳೆಯ ನೀರು ಮತ್ತು ಎಂಜಿನ್ನಿನ ಕಾವು ಎರಡನ್ನೂ ಕಾಣುವಂಥದ್ದು.

ಕೇಬಲ್ಲಿನ ಒಳಭಾಗವನ್ನು ಈ ಲೆಕ್ಕದಿಂದ ಬಿಟ್ಟುಬಿಡಬೇಕು. ಒಳಗಿನ ತಂತಿಯು ನುಣುಪಾದ ಪ್ಲಾಸ್ಟಿಕ್ ಕೊಳವೆಯಲ್ಲಿ ಜಾರುವಂತೆ ಕಾರ್ಖಾನೆಯಲ್ಲೇ ಮಾಡಿ ಮುಚ್ಚಿರುತ್ತಾರೆ. ಅದರ ಬಾಯಿಗೆ ಎಣ್ಣೆ ಬಿಟ್ಟರೆ ಎರಡು ದಿನ ಹಗುರಾಗುತ್ತದೆ, ಆಮೇಲೆ ಧೂಳು ಹಿಡಿದು ಇನ್ನಷ್ಟು ಬಿಗಿಯಾಗುತ್ತದೆ. ಕೇಬಲ್ಲೇ ಬಿಗಿಯಾಗಿದ್ದರೆ ಹೊಸದು ಹಾಕಿಸುವುದೇ ಸರಿ.

ಗ್ರೀಸುಗಳನ್ನು ಎದುರುಬದುರು ಇಟ್ಟಾಗ

ಗ್ರೀಸೆಂದರೆ ಗಟ್ಟಿಯಾದ ಎಣ್ಣೆ ಎಂದು ಎಣಿಸುವುದುಂಟು. ವಾಸ್ತವದಲ್ಲಿ ಅದು ಎಣ್ಣೆಯನ್ನು ಹೀರಿಕೊಂಡು ಬೇಕಾದಾಗ ಸ್ವಲ್ಪಸ್ವಲ್ಪವೇ ಬಿಡುವ ಒಂದು ಸ್ಪಂಜು. ಸ್ಪಂಜಿನ ಕೆಲಸವನ್ನು ಲಿಥಿಯಂ, ಕ್ಯಾಲ್ಸಿಯಂ ಮುಂತಾದವುಗಳ ಸಾಬೂನು ಮಾಡುತ್ತದೆ. ಜಾರಿಸುವ ಕೆಲಸ ಎಣ್ಣೆಯದು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದು ಸಾಮಾನ್ಯವಾಗಿ ಸಾಬೂನಿನ ಹೆಸರು, ಆದರೆ ಪ್ಲಾಸ್ಟಿಕ್ಕನ್ನೂ ರಬ್ಬರನ್ನೂ ಉಳಿಸುವುದು ಅಥವಾ ಕೆಡಿಸುವುದು ಬಹುಮಟ್ಟಿಗೆ ಒಳಗಿನ ಎಣ್ಣೆ. ಕೊಳ್ಳುವವರು ಎಡವುವುದು ಇಲ್ಲಿಯೇ.

ಎಲ್ಲೆಡೆ ಸಿಗುವ, ಹಳದಿ ಅಥವಾ ಕೆಂಪು ಬಣ್ಣದ ಲಿಥಿಯಂ ಗ್ರೀಸಿನಿಂದಲೇ ತೊಡಗಬಹುದು. ಪ್ರಪಂಚದಲ್ಲಿ ತಯಾರಾಗುವ ಗ್ರೀಸಿನ ಅರ್ಧಕ್ಕೂ ಹೆಚ್ಚು ಪಾಲು ಲಿಥಿಯಂ ಜಾತಿಯದು. 1940ರ ದಶಕದಲ್ಲಿ ಬಳಕೆಗೆ ಬಂದ ಈ ಗ್ರೀಸಿನ ಸಾಬೂನಿಗೆ ಬೇಕಾದ ಕೊಬ್ಬಿನ ಆಮ್ಲವನ್ನು ಹರಳೆಣ್ಣೆಯಿಂದ ತೆಗೆಯುತ್ತಾರೆ. ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆಯ ಕೀಲೆಣ್ಣೆ ಹಚ್ಚುತ್ತಿದ್ದ ನಮ್ಮ ಹಿರಿಯರಿಗೆ ಈ ಸುದ್ದಿ ಅಚ್ಚರಿ ತರುತ್ತಿರಲಿಲ್ಲ. ಸುಮಾರು 180 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕರಗಿ ತೊಟ್ಟಿಕ್ಕುವುದಿಲ್ಲ, ನೀರಿಗೂ ಸಾಕಷ್ಟು ತಡೆಯೊಡ್ಡುತ್ತದೆ, ಅಗ್ಗ. ನೈಲಾನಿಗೂ ಅಸಿಟಾಲಿಗೂ ಇದರಲ್ಲಿರುವ ಖನಿಜ ಎಣ್ಣೆ ನೇರವಾಗಿ ಹಾನಿ ಮಾಡುವುದು ಅಪರೂಪ. ಸಹಜ ರಬ್ಬರು ಮತ್ತು ಇಪಿಡಿಎಂ ಎಂಬ ಕೃತಕ ರಬ್ಬರುಗಳು ಮಾತ್ರ ಖನಿಜ ಎಣ್ಣೆಯನ್ನು ಕುಡಿದು ಊದಿಕೊಳ್ಳುತ್ತವೆ. ನನ್ನ ಕಾರಿನ ಬುಶ್ಶಿನ ಗತಿ ಹಾಗಾದದ್ದು ಹೀಗೆಯೇ. ಇನ್ನೊಂದು ತೊಡಕು ಎಣ್ಣೆಯ ಮಂದತೆಯದು. ಬೇರಿಂಗಿನ ಭಾರ ಹೊರಲೆಂದು ಅದರಲ್ಲಿ ಮಂದವಾದ ಎಣ್ಣೆ ಹಾಕಿರುತ್ತಾರೆ. ಬೆರಳ ತುದಿಯಿಂದ ಆಡಬೇಕಾದ ಲಿವರಿನಲ್ಲಿ ಅದೇ ಎಣ್ಣೆ, ಡಿಸೆಂಬರಿನ ಮಡಿಕೇರಿಯ ಮುಂಜಾವಿನಲ್ಲಿ, ಬೆಲ್ಲದ ಪಾಕದಂತೆ ಎಳೆಯುತ್ತದೆ. ಆದ್ದರಿಂದ ಮೂರನೆಯ ಜಾಗಕ್ಕೆ, ಲೋಹದ ಕೀಲಿಗೆ, ಇದು ಸಲ್ಲುತ್ತದೆ. ಬಟ್ಟಲಿಗೆ ಅನಿವಾರ್ಯವಾದರೆ ಸರಿ. ರಬ್ಬರಿನ ಹತ್ತಿರ ಬೇಡ.

ಲಿಥಿಯಂ ಕಾಂಪ್ಲೆಕ್ಸ್ ಎಂಬ ದುಬಾರಿ ಬಗೆಯು 250 ಡಿಗ್ರಿ ದಾಟಿದರೂ ಕರಗದೆಂದು ಹೊಗಳಿ ಮಾರುತ್ತಾರೆ. ಡಿಸ್ಕ್ ಬ್ರೇಕಿನ ಪಕ್ಕದ ಬೇರಿಂಗಿಗೆ ಅದು ಬೇಕು. ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಒಳಗಿನ ಕಾವು ಕೂಡ ಆ ಅಂಕೆಯ ಹತ್ತಿರಕ್ಕೆ ಸುಳಿಯದು, ಆದ್ದರಿಂದ ಲಿವರಿಗಾಗಿ ಆ ಹಣವನ್ನು ತೆರಬೇಕಾಗಿಲ್ಲ.

ಸಿಲಿಕೋನ್ ಗ್ರೀಸಿನ ಗುಣ ಇದಕ್ಕೆ ಹೆಚ್ಚುಕಡಿಮೆ ತದ್ವಿರುದ್ಧ. ಬೆಳ್ಳಗೆ ಅಥವಾ ಗಾಜಿನಂತೆ ತಿಳಿಯಾಗಿ, ಸಣ್ಣ ಟ್ಯೂಬಿನಲ್ಲಿ ಬರುವ ಇದು ನೈಲಾನ್, ಅಸಿಟಾಲ್, ಎಬಿಎಸ್ ಎಂಬ ಪ್ಲಾಸ್ಟಿಕ್ಕುಗಳು, ಇಪಿಡಿಎಂ ರಬ್ಬರು ಯಾವುದನ್ನೂ ಮುಟ್ಟಿ ಕೆಡಿಸುವುದಿಲ್ಲ. ಸಿಲಿಕೋನಿನಿಂದಲೇ ಮಾಡಿದ ರಬ್ಬರೊಂದಕ್ಕೆ ಮಾತ್ರ ಆಗಿಬರುವುದಿಲ್ಲ. ಸೊನ್ನೆಯ ಕೆಳಗೆ 40 ಡಿಗ್ರಿಯಿಂದ ಹಿಡಿದು 200 ಡಿಗ್ರಿಯವರೆಗೆ ಅದರ ಮೃದುತ್ವ ಹೆಚ್ಚು ಬದಲಾಗದು. ಹಾಗಾದರೆ ಎಲ್ಲ ಕಡೆಗೂ ಇದನ್ನೇ ಹಚ್ಚಬಾರದೇಕೆ? ಉಕ್ಕಿನ ಮೇಲೆ ಉಕ್ಕು ಒತ್ತಿ ಜಾರುವ ಕಡೆ ಸಿಲಿಕೋನ್ ಎಣ್ಣೆಯ ಪೊರೆ ನಿಲ್ಲುವುದಿಲ್ಲ, ಲೋಹ ಲೋಹವನ್ನು ಕೆರೆಯತೊಡಗುತ್ತದೆ. ಅದರ ಜೊತೆಗೆ ಎರಡು ಕಿರುಕುಳಗಳಿವೆ. ಕೈಗೆ ಅಂಟಿದ ಸಿಲಿಕೋನ್ ಬಾಡಿಯ ಮೇಲೆ ತಗುಲಿ ಉಳಿದರೆ, ಮುಂದೆ ಅಲ್ಲಿ ಪೇಂಟ್ ಹೊಡೆಯುವಾಗ ಬಣ್ಣ ಮೀನಿನ ಕಣ್ಣಿನಂತೆ ಗುಂಡಗುಂಡಗೆ ಸರಿದು ಕಲೆ ಬೀಳುತ್ತದೆ. ತೆರೆದ ವಿದ್ಯುತ್ ಸ್ವಿಚ್ಚುಗಳ ಪಕ್ಕದಲ್ಲಿದ್ದರೆ ಅದರ ಆವಿ ಕಿಡಿಗೆ ಸುಟ್ಟು, ಮರಳಿನ ಜಾತಿಯ ಪದರವಾಗಿ ಕೂತು, ಕರೆಂಟನ್ನು ತಡೆಯಬಲ್ಲದು. ಆದ್ದರಿಂದ ಎರಡನೆಯ ಜಾಗಕ್ಕೆ, ರಬ್ಬರಿರುವ ಬುಶ್ಶಿಗೆ, ಸಿಲಿಕೋನಿಗೆ ಸಾಟಿಯಿಲ್ಲ. ಪ್ಲಾಸ್ಟಿಕ್ ಗುಂಡು ಪ್ಲಾಸ್ಟಿಕ್ ಬಟ್ಟಲಿನಲ್ಲಿ ಹೊರಳುವ ಲಿವರಿಗೂ ಅದು ಒಪ್ಪುತ್ತದೆ. ಗುಂಡು ಉಕ್ಕಿನದಾದರೂ ಬಟ್ಟಲು ಪ್ಲಾಸ್ಟಿಕ್ಕಿನದೇ ಆಗಿರುವ ತನಕ ನಡೆಯುತ್ತದೆ.

ಬಟ್ಟಲಿಗೆ ನನ್ನ ಆಯ್ಕೆ ಮಾತ್ರ ಬೇರೆ: ಪಾಲಿ ಆಲ್ಫಾ ಓಲಿಫಿನ್, ಅಂದರೆ ಪಿಎಒ ಎಂಬ ಕೃತಕ ಎಣ್ಣೆಯಲ್ಲಿ ಮಾಡಿದ, ಪಿಟಿಎಫ್ಇ ಪುಡಿ ಬೆರೆಸಿದ ಗ್ರೀಸು. ಪಿಟಿಎಫ್ಇ ಎಂದರೆ ದೋಸೆ ಹಂಚಿಗೆ ಬಳಿಯುವ ನಾನ್‌ಸ್ಟಿಕ್ ಲೇಪದ ವಸ್ತುವೇ. ಕಾರ್ಖಾನೆಯಿಂದ ಬರುವಾಗ ಲಿವರಿನ ಬಟ್ಟಲಿನಲ್ಲಿ ಇರುವ ನಸುಬಿಳಿ ಗ್ರೀಸು ಅನೇಕ ಕಾರುಗಳಲ್ಲಿ ಈ ಬಗೆಯದೇ. ಚಳಿಗೆ ಗಟ್ಟಿಯಾಗುವುದಿಲ್ಲ, ಗಟ್ಟಿ ಪ್ಲಾಸ್ಟಿಕ್ಕುಗಳಿಗೆ ಒಗ್ಗುತ್ತದೆ, ಉಕ್ಕಿನ ಮೇಲೂ ಪೊರೆ ಹಿಡಿಯುತ್ತದೆ. ಸಿಲಿಕೋನ್ ಬಿಟ್ಟುಕೊಟ್ಟ ಕೆಲಸವನ್ನೂ ಲಿಥಿಯಂ ಒರಟಾಗಿ ಮಾಡುವ ಕೆಲಸವನ್ನೂ ಇದು ಅಚ್ಚುಕಟ್ಟಾಗಿ ಮಾಡುತ್ತದೆ. ಆದರೆ ಇದೂ ಹೈಡ್ರೊಕಾರ್ಬನ್ ಎಣ್ಣೆಯೇ ಆದ್ದರಿಂದ ಇಪಿಡಿಎಂ ರಬ್ಬರನ್ನು ಊದಿಸುವ ಗುಣ ಹೋಗಿಲ್ಲ. ಸಿಂಥೆಟಿಕ್ ಎಂದು ಬರೆದ ಮಾತ್ರಕ್ಕೂ ನಂಬಬಾರದು: ಎಸ್ಟರ್ ಜಾತಿಯ ಸಿಂಥೆಟಿಕ್ ಎಣ್ಣೆಗಳು ಎಬಿಎಸ್, ಪಾಲಿಕಾರ್ಬನೇಟ್‌ಗಳಲ್ಲಿ ಕೂದಲೆಳೆಯಂಥ ಬಿರುಕು ಮೂಡಿಸಬಲ್ಲವು, ಲಿವರಿನ ಸುತ್ತಲಿನ ಕನ್ಸೋಲಿನ ಹಲವು ಭಾಗಗಳು ಆ ಪ್ಲಾಸ್ಟಿಕ್ಕಿನವೇ.

ಕರಿಯ ಮಾಲಿ ಗ್ರೀಸಿಗೆ ನಮ್ಮಲ್ಲಿ ಅತಿಯಾದ ಮರ್ಯಾದೆಯಿದೆ. ಮಾಲಿಬ್ಡಿನಮ್ ಡೈಸಲ್ಫೈಡಿನ ಪದರಗಳು ಇಸ್ಪೀಟಿನ ಎಲೆಗಳ ಹಾಗೆ ಒಂದರ ಮೇಲೊಂದು ಜಾರುತ್ತವೆ; ಚಕ್ರಕ್ಕೆ ಬಲ ಸಾಗಿಸುವ ಆಕ್ಸೆಲಿನ ಸಿವಿ ಜಾಯಿಂಟ್ ಎಂಬ ಬಾಗುವ ಕೀಲಿನಂತಹ, ಎಣ್ಣೆಯ ಪೊರೆ ಹಿಂಡಿಹೋಗುವ ಕಡೆ ಅದರ ಬೆಲೆ ತಿಳಿಯುತ್ತದೆ. ಅದು ಪ್ಲಾಸ್ಟಿಕ್ಕನ್ನು ತಿನ್ನುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ, ನೈಲಾನಿನಲ್ಲೇ ಮಾಲಿ ಬೆರೆಸಿ ಬುಶ್ಶು ಎರೆಯುವುದುಂಟು. ಆದರೆ ಎರಡು ಬೆರಳಿನಿಂದ ನೂಕುವ ಲಿವರಿನ ಬಟ್ಟಲಿನಲ್ಲಿ ಅಂತಹ ಭಾರವೇ ಇಲ್ಲದಿರುವಾಗ ಅದು ಮಾಡುವುದಾದರೂ ಏನನ್ನು? ಕಾರ್ಪೆಟ್ಟಿಗೂ ಪ್ಯಾಂಟಿಗೂ ಹತ್ತಿದ ಮಸಿ ಮಾತ್ರ ಹೋಗುವುದಿಲ್ಲ. ಸರಳಿನ ಹಳೆಯ ಕಾರುಗಳ ಉಕ್ಕಿನ ಕೀಲುಗಳಿಗೆ, ಗೇರ್‌ಬಾಕ್ಸಿನ ಹೊರಗಿನ ತೋಳಿಗೆ ಹಚ್ಚಿ. ತಾಮ್ರದ ಗ್ರೀಸು, ಗ್ರಾಫೈಟ್ ಗ್ರೀಸುಗಳಿಗೆ ಇಲ್ಲಿ ಕೆಲಸವಿಲ್ಲ.

ಕರಾವಳಿಯವರಿಗೆ ಮತ್ತು ಮಲೆನಾಡಿನವರಿಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು. ಉಡುಪಿಯ ಉಪ್ಪುಗಾಳಿಯಲ್ಲಿ, ಆಗುಂಬೆಯ ಮಳೆಯಲ್ಲಿ ಓಡಾಡುವ ಕಾರಿನ ಗೇರ್‌ಬಾಕ್ಸ್ ಕಡೆಯ ಲೋಹದ ಕೀಲಿಗೆ ಸಾಧಾರಣ ಲಿಥಿಯಮ್ಮಿಗಿಂತ ಕ್ಯಾಲ್ಸಿಯಂ ಸಲ್ಫೊನೇಟ್ ಗ್ರೀಸು ಮೇಲು. ನೀರಿಗೆ ತೊಳೆದುಹೋಗುವುದು ಕಡಿಮೆ, ತುಕ್ಕನ್ನು ತಡೆಯುವ ಗುಣ ಅದರ ಸಾಬೂನಿನಲ್ಲೇ ಇದೆ.

ಸ್ಪ್ರೇ ಡಬ್ಬಿಯ ಬಿಳಿ ಲಿಥಿಯಂ ಗ್ರೀಸು ಕೈ ತೂರದ ಸಂದಿಗಳಿಗೆ ಅನುಕೂಲವೇನೋ ಹೌದು, ಆದರೆ ಅದನ್ನು ಹೊತ್ತು ತರುವ ದ್ರಾವಕ ಹಳೆಯ ಗ್ರೀಸನ್ನೂ ತೊಳೆದು, ಸುತ್ತಲಿನ ಸ್ವಿಚ್ಚು ವೈರುಗಳಿಗೂ ಸಿಡಿಯುತ್ತದೆ. ಬಾನೆಟ್ಟಿನ ಕೆಳಗೆ ಸರಿ, ಕ್ಯಾಬಿನ್ನಿನ ಒಳಗೆ ಬೇಡ. ಡಬ್ಲ್ಯುಡಿ-40 ಎಂಬ ಸ್ಪ್ರೇ ಗ್ರೀಸೇ ಅಲ್ಲ. 1953ರಲ್ಲಿ ಅದನ್ನು ರೂಪಿಸಿದ್ದು ತೇವವನ್ನು ಹೊರದೂಡುವುದಕ್ಕೆ. ತುಕ್ಕು ಹಿಡಿದ ಕ್ಲಿಪ್ಪನ್ನು ಬಿಡಿಸಲು ಬಳಸಬಹುದು. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ ಎಂಬುದನ್ನು ಕನ್ನಡಿಗರಿಗೆ ನಾನು ಹೇಳಬೇಕಾಗಿಲ್ಲ.

ಡಬ್ಬಿಯ ಮೇಲಿನ ಅಕ್ಷರಗಳು

ಗ್ರೀಸಿನ ಗಟ್ಟಿತನವನ್ನು ಎನ್‌ಎಲ್‌ಜಿಐ ಸಂಖ್ಯೆ ಹೇಳುತ್ತದೆ. 000ದಿಂದ 6ರವರೆಗೆ ಒಂಬತ್ತು ಮೆಟ್ಟಿಲುಗಳಿವೆ. 25 ಡಿಗ್ರಿಯಲ್ಲಿ ಚೆನ್ನಾಗಿ ಕಲಸಿದ ಗ್ರೀಸಿನೊಳಗೆ ಒಂದು ಲೋಹದ ಶಂಕು ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಅಳೆಯುತ್ತಾರೆ, 26.5ರಿಂದ 29.5 ಮಿಲಿಮೀಟರ್ ಇಳಿದರೆ ಅದು 2ನೆಯ ದರ್ಜೆ, 31ರಿಂದ 34 ಇಳಿದರೆ 1ನೆಯದು. ಲಿವರಿಗೆ ಇವೆರಡರಲ್ಲಿ ಯಾವುದಾದರೂ ಆದೀತು. ಚಳಿಯ ಊರಿನವರು 1 ಸಿಕ್ಕರೆ ತೆಗೆದುಕೊಳ್ಳಲಿ. 0 ಮತ್ತು ಅದಕ್ಕಿಂತ ತೆಳುವಾದದ್ದು ಇಳಿದುಹೋಗುತ್ತದೆ, 3 ಅನವಶ್ಯಕವಾಗಿ ಗಟ್ಟಿ.

ಜರ್ಮನ್ ಮಾನಕದ ಸಂಕೇತ ಇರುವ ಡಬ್ಬಿಯಾದರೆ ಆಯ್ಕೆ ಇನ್ನೂ ಸುಲಭ. ಕೆಪಿ2ಕೆ-30 ಎಂದಿದ್ದರೆ ಮೊದಲ ಕೆ ಅದು ಬೇರಿಂಗಿಗೆ ತಕ್ಕ ಗ್ರೀಸು ಎಂದೂ, ಪಿ ಭಾರೀ ಒತ್ತಡಕ್ಕೆ ರಾಸಾಯನಿಕ ಬೆರೆಸಿದೆ ಎಂದೂ, 2 ಗಟ್ಟಿತನವೆಂದೂ, ಎರಡನೆಯ ಕೆ 120 ಡಿಗ್ರಿಯವರೆಗೆ ಬಳಸಬಹುದೆಂದೂ, ಕೊನೆಯದು ಸೊನ್ನೆಯ ಕೆಳಗೆ 30ರವರೆಗೆ ನಡೆಯುತ್ತದೆಂದೂ ಹೇಳುತ್ತವೆ. ನಡುವೆ ಎಫ್ ಬಂದರೆ ಮಾಲಿಯಂತಹ ಘನ ಪುಡಿ ಇದೆ, ಎಸ್ಐ ಬಂದರೆ ಎಣ್ಣೆ ಸಿಲಿಕೋನಿನದು, ಎಚ್‌ಸಿ ಬಂದರೆ ಪಿಎಒ ಜಾತಿಯದು, ಇ ಬಂದರೆ ಎಸ್ಟರ್. ಲಿವರಿಗಾಗಿ ಕೊಳ್ಳುವವರು ಎಚ್‌ಸಿ ಮತ್ತು ಎಸ್ಐ ಅಕ್ಷರಗಳನ್ನೇ ಹುಡುಕಬೇಕು. ಸಂಕೇತ ಇಲ್ಲದಿದ್ದರೆ ಪ್ಲಾಸ್ಟಿಕ್ಕಿಗೆ ಸುರಕ್ಷಿತ ಎಂಬ ಮಾತು ಸ್ಪಷ್ಟವಾಗಿ ಅಚ್ಚಾಗಿದೆಯೇ ಎಂದು ನೋಡಬೇಕು. ಅಂಗಡಿಯವರು ಅರ್ಧ ಕಿಲೋದ ಡಬ್ಬಿಯೇ ಅಗ್ಗ ಎನ್ನುತ್ತಾರೆ. ಇಡೀ ಲಿವರಿಗೆ ಬೇಕಾಗುವುದು ಕೆಲವೇ ಗ್ರಾಂ; ಬೆಂಗಳೂರಿನ ಜೆಸಿ ರಸ್ತೆಯಂತಹ ಬಿಡಿಭಾಗಗಳ ಪೇಟೆಯಲ್ಲಿ ಕೇಳಿದರೆ ಸಣ್ಣ ಟ್ಯೂಬು ಸಿಕ್ಕೀತು.

ಒಂದೇ ಟ್ಯೂಬು ಕೊಳ್ಳುವುದಾದರೆ ಪಿಎಒ ಕೊಳ್ಳಿ, ರಬ್ಬರಿನ ಬುಶ್ಶನ್ನು ಮುಟ್ಟದೆ ಬಿಡಿ. ಎರಡು ಕೊಳ್ಳುವುದಾದರೆ ಬುಶ್ಶಿಗೆಂದು ಸಿಲಿಕೋನನ್ನು ಸೇರಿಸಿ. ಲೋಹದ ಕೀಲಿಗೆ ಗ್ಯಾರೇಜಿನ ಲಿಥಿಯಮ್ಮೇ ಇರಲಿ, ಅದಕ್ಕಾಗಿ ಮೂರನೆಯದನ್ನು ಕೊಳ್ಳಬೇಕಾಗಿಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ನಮ್ಮಲ್ಲಿ ಬಂದ ಎಎಂಟಿ, ಅಂದರೆ ಕ್ಲಚ್ಚನ್ನೂ ಗೇರನ್ನೂ ಯಂತ್ರವೇ ನೋಡಿಕೊಳ್ಳುವ ಬಗೆಯ ಕಾರಿನವರು ಏನನ್ನೂ ಕೊಳ್ಳದಿರುವುದೇ ಲೇಸು: ಅಲ್ಲಿ ಲಿವರು ಯಾವ ಕೇಬಲ್ಲನ್ನೂ ಎಳೆಯುವುದಿಲ್ಲ, ಯಾವ ಸ್ಥಾನದಲ್ಲಿದ್ದೇನೆ ಎಂದು ಕಂಪ್ಯೂಟರಿಗೆ ತಿಳಿಸುತ್ತದೆ ಅಷ್ಟೆ.

ಹಚ್ಚುವಾಗ

ಹಳೆಯ ಗ್ರೀಸಿನ ಮೇಲೆ ಹೊಸದನ್ನು ಹಚ್ಚಬಾರದು. ಗಟ್ಟಿಮಾಡುವ ವಸ್ತುಗಳು ಹೊಂದದಿದ್ದರೆ, ಉದಾಹರಣೆಗೆ ಲಿಥಿಯಮ್ಮಿನೊಡನೆ ಜೇಡಿಮಣ್ಣಿನಿಂದ ಗಟ್ಟಿಮಾಡಿದ ಗ್ರೀಸು ಬೆರೆತರೆ, ಎರಡೂ ಒಡೆದು ನೀರಾಗಬಹುದು. ಹತ್ತಿಯ ಬಟ್ಟೆಯಿಂದ ಆದಷ್ಟು ಒರೆಸಿ, ಉಳಿದದ್ದನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಸೋಕಿಸಿದ ಬಟ್ಟೆಯಿಂದ ತೆಗೆಯಬೇಕು. ಪೆಟ್ರೋಲು, ಸೀಮೆಎಣ್ಣೆಗಳು ರಬ್ಬರಿಗೆ ವೈರಿ. ಬ್ರೇಕ್ ಕ್ಲೀನರು ಕನ್ಸೋಲಿನ ಪ್ಲಾಸ್ಟಿಕ್ಕಿಗೆ ಕೇಡು.

ಬಟ್ಟಲಿಗೆ ಬಟಾಣಿಯಷ್ಟು ಗ್ರೀಸು ಸಾಕು. ಗುಂಡಿನ ಮೇಲೆ ತೆಳುವಾಗಿ ಸವರಿ, ಲಿವರನ್ನು ಕೂರಿಸಿ, ಕ್ಲಿಪ್ಪು ಟಕ್ಕೆಂದು ಕೂತಿದೆಯೇ ಎಂದು ನೋಡಿ, ಎಂಜಿನ್ ಆರಿಸಿಯೇ ಇಪ್ಪತ್ತು ಮೂವತ್ತು ಸಲ ಎಲ್ಲ ಸಾಲುಗಳಲ್ಲೂ ಆಡಿಸಬೇಕು. ಹೊರಗೆ ಹಿಂಡಿ ಬಂದದ್ದನ್ನು ಒರೆಸದೆ ಬಿಟ್ಟರೆ ಧೂಳಿಗೆ ಹಾಸಿಗೆ ಹಾಸಿಕೊಟ್ಟಂತೆ. ರಿವರ್ಸಿಗೆ ಮೇಲೆತ್ತುವ ಉಂಗುರವಿದ್ದರೆ ಅದು ತಾನಾಗಿ ಕೆಳಗೆ ಬೀಳುತ್ತದೆಯೇ ಎಂಬುದನ್ನೂ ರಸ್ತೆಗೆ ಇಳಿಯುವ ಮೊದಲೇ ನೋಡಿಕೊಳ್ಳಬೇಕು.

ಎರಡು ವಾರ ಓಡಿಸಿದ ಮೇಲೆ ಹೊದಿಕೆಯನ್ನು ಮತ್ತೊಮ್ಮೆ ಎತ್ತಿ, ಬಟ್ಟಲಿನ ಅಂಚಿನ ಗ್ರೀಸನ್ನು ಚೂರು ತೆಗೆದು, ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ ನೋಡಿ. ಬೆಣ್ಣೆಯಂತೆ ಜಾರಿದರೆ ಹೊದಿಕೆ ಮುಚ್ಚಿಬಿಡಬಹುದು. ರವೆಯಂತೆ ತಾಗಿದರೆ ಹೊದಿಕೆಯ ಸಂದಿಯಿಂದ ಮರಳು ಇಳಿಯುತ್ತಿದೆ, ಇಲ್ಲವೇ ಬಟ್ಟಲೇ ಪುಡಿಯಾಗುತ್ತಿದೆ. ಹೊದಿಕೆ ಹರಿದಿಲ್ಲವೆಂದು ಖಚಿತವಾದರೆ ಮತ್ತೆ ಗ್ರೀಸಿನ ಅಂಗಡಿಗೆ ಹೋಗದೆ, ಬುಶ್ಶು ಮತ್ತು ಬಟ್ಟಲಿನ ಸೆಟ್ಟನ್ನು ಕೊಂಡು ತರಬೇಕು.